ನೆಟ್ ಇಲ್ಲ ಅಂದ್ರೆ ಏನಿಲ್ಲ?

ನಮ್ಮ ಮನೆಯಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಮಾತು 'ಕಾಫಿ ಆಯ್ತೇನೇ?' ಅಂತ ನಾನು ಬಹಳ ವರ್ಷ ನಂಬಿದ್ದೆ. ಈಚೆಗೆ ಅದನ್ನು ಹಿಂದಿಕ್ಕಿ ಇನ್ನೊಂದು ಮಾತು ಮುಂದೆ ಬಂದಿದೆ: 'ನೆಟ್ ಇಲ್ಲ.' ಎರಡನ್ನೂ ಆಡುವವರು ಒಬ್ಬರೇ, ನಮ್ಮ ಯಜಮಾನರು. ಕಾಫಿಯಾದರೆ, ಡಿಕಾಕ್ಷನ್ ಇಳಿದಿದ್ದರೆ ಎರಡು ನಿಮಿಷದಲ್ಲಿ ಕೊಟ್ಟು ಕೈ ತೊಳೆದುಕೊಳ್ಳಬಹುದು. ನೆಟ್ಟನ್ನು ಎಲ್ಲಿಂದ ಬಸಿದು ತರಲಿ?

'ನೆಟ್ ಇಲ್ಲ' ಅನ್ನುವುದು 'ಮೈ ಸರಿಯಿಲ್ಲ' ಅನ್ನುವ ಹಾಗೆ. ಡಾಕ್ಟರ ಮುಂದೆ ಕೂತು ಮೈ ಸರಿಯಿಲ್ಲ ಅಂದರೆ ಅವರು ನಾಲಿಗೆ ಚಾಚಿ ಅನ್ನುತ್ತಾರೆ, ಹೊಟ್ಟೆ ಒತ್ತಿ ನೋಡುತ್ತಾರೆ. ನೆಗಡಿಗೂ ಮಂಡಿನೋವಿಗೂ ಒಂದೇ ಮಾತ್ರೆ ಬರೆದುಕೊಡುವುದಿಲ್ಲ. ನೆಟ್ಟಿಗೆ ಮಾತ್ರ ದೇಶಕ್ಕೆಲ್ಲ ಒಂದೇ ಮಾತ್ರೆ: 'ಆಫ್ ಮಾಡಿ ಆನ್ ಮಾಡಿ.' ಕಸ್ಟಮರ್ ಕೇರಿನ ಹುಡುಗಿ ಹೇಳುವುದೂ ಅದೇ, ಎದುರುಮನೆಯ ಇಂಜಿನಿಯರಿಂಗ್ ಓದುವ ಹುಡುಗ ಹೇಳುವುದೂ ಅದೇ. ಹಾಗೆ ಮಾಡಿದರೆ ಎಷ್ಟೋ ಸಲ ಗುಣವಾಗಿಬಿಡುತ್ತದಲ್ಲ, ಅದೇ ತೊಂದರೆ. ಏನಾಗಿತ್ತು ಅನ್ನುವುದು ಯಾರಿಗೂ ತಿಳಿಯುವುದೇ ಇಲ್ಲ.

ನನಗೆ ಅಷ್ಟಿಷ್ಟು ತಿಳಿದದ್ದು ವಿದ್ಯೆಯಿಂದಲ್ಲ, ಹಣೆಬರಹದಿಂದ. ಫೈಬರ್ ಹುಡುಗ ರಿಪೇರಿಗೆ ಬರುವುದು ಬೆಳಿಗ್ಗೆ ಹೊತ್ತು. ಆಗ ಯಜಮಾನರು ಕುಕ್ಕರಹಳ್ಳಿ ಕೆರೆ ಸುತ್ತುತ್ತಿರುತ್ತಾರೆ. ಮನೆಯಲ್ಲಿ ಸಿಕ್ಕಿಬೀಳುವವಳು ನಾನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳಾದ್ದರಿಂದ ಯಾರಾದರೂ ಕೆಲಸ ಮಾಡುತ್ತಿದ್ದರೆ ಪಕ್ಕದಲ್ಲಿ ನಿಂತು 'ಯಾಕೆ?' ಅಂತ ಕೇಳುವ ಚಟ ಹೋಗಿಲ್ಲ. ಆ ಹುಡುಗನಿಗೆ ನನ್ನ ಕಾಟ ಎಷ್ಟು ಅಂದರೆ, ಈಗ ಬಂದವನೇ ಚೀಲ ಇಳಿಸುವ ಮೊದಲು 'ಅಮ್ಮ, ಇವತ್ತು ಏನು ಪಾಠ?' ಅನ್ನುತ್ತಾನೆ.

ಮೊದಲನೇ ಪಾಠ ಶುರುವಾದದ್ದು ಒಂದು ಕೆಂಪು ದೀಪದಿಂದ. ಟಿವಿ ಪಕ್ಕದ ಬಿಳಿ ಡಬ್ಬಿ ನೋಡಿ ಹುಡುಗ ಅಂದ, "ಅಮ್ಮ, ಲಾಸ್ ಬಂದಿದೆ."

"ಲಾಸ್ ಬಂದಿರೋದು ನಮಗಪ್ಪಾ. ತಿಂಗಳು ತಿಂಗಳು ದುಡ್ಡು ಕಟ್ಟೋರು ನಾವು."

ಅವನು ಹೇಳಿದ್ದು ಎಲ್‌ಓಎಸ್, ಲಾಸ್ ಆಫ್ ಸಿಗ್ನಲ್. ಬೀದಿಯಿಂದ ಬರಬೇಕಾದ ಬೆಳಕು ಡಬ್ಬಿಗೆ ಮುಟ್ಟುತ್ತಿಲ್ಲ ಅಂತ. ಬೆಳಕೇ? ಕರೆಂಟಲ್ಲವೇ? ಅಲ್ಲವಂತೆ. ಕಂಬದಿಂದ ಕಂಬಕ್ಕೆ ಜೋತಾಡಿಕೊಂಡು, ತೆಂಗಿನ ಗರಿ ಸವರಿಕೊಂಡು, ನಮ್ಮ ಕಾಂಪೌಂಡು ಹಾರಿ ಬರುವ ಆ ಕಪ್ಪು ದಾರದ ಹೊಟ್ಟೆಯಲ್ಲಿ ಇರುವುದು ಗಾಜಿನ ಎಳೆ. ಎಳೆಯ ದಪ್ಪ ಮಿಲಿಮೀಟರಿನ ಎಂಟನೇ ಒಂದು ಪಾಲು. ಅದರ ನಟ್ಟನಡುವೆ ಬೆಳಕು ಓಡಾಡುವ ತಿರುಳು ಇನ್ನೂ ಸಣ್ಣದು, ಸುಮಾರು 9 ಮೈಕ್ರಾನ್. ನಮ್ಮ ತಲೆಗೂದಲೇ ಅದರ ಏಳೆಂಟು ಪಟ್ಟು ದಪ್ಪ. ನನ್ನ ಮಗಳು, ಮೊಮ್ಮಗ, ಅಳಿಯ, ಅವರ ಡಬ್ಲಿನ್ನಿನ ಮಳೆ, ಎಲ್ಲ ಈ ಎಳೆಯೊಳಗಿಂದಲೇ ನಮ್ಮ ಹಾಲಿಗೆ ಬರಬೇಕು.

ಒಳಗೆ ಹೊಕ್ಕ ಬೆಳಕು ಗೋಡೆಯಿಂದ ಹೊರಗೆ ಯಾಕೆ ಸೋರುವುದಿಲ್ಲ? ತಿರುಳಿನ ಗಾಜು ಸ್ವಲ್ಪ ಸಾಂದ್ರ, ಸುತ್ತಲಿನ ಗಾಜು ಅದಕ್ಕಿಂತ ವಿರಳ. ಓರೆಯಾಗಿ ಬಂದು ಬಡಿದ ಬೆಳಕು ದಾಟಲಾರದೆ ಒಳಕ್ಕೇ ಮಗುಚುತ್ತದೆ. ಹತ್ತನೇ ಕ್ಲಾಸಿನ ಪಕ್ಕದ ಕೊಠಡಿಯಲ್ಲಿ ಫಿಸಿಕ್ಸ್ ಮೇಷ್ಟ್ರು 'ಪೂರ್ಣ ಆಂತರಿಕ ಪ್ರತಿಫಲನ' ಅಂತ ಕೂಗುತ್ತಿದ್ದದ್ದು ಇದನ್ನೇ. ಅವರು ಪ್ರತಿ ವರ್ಷ ಕೂಗುವುದು, ಮಕ್ಕಳು ಪ್ರತಿ ವರ್ಷ ಮರೆಯುವುದು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಗಾಜಿನೆಳೆಗಳ ಕಂತೆಯಲ್ಲಿ ಚಿತ್ರ ಸಾಗಿಸಿ 1954ರಲ್ಲಿ ತಮ್ಮ ಗುರುಗಳ ಜೊತೆ ಲೇಖನ ಬರೆದರು. ಗಾಜನ್ನು ಚೆನ್ನಾಗಿ ಶುದ್ಧ ಮಾಡಿದರೆ ಇದರಲ್ಲಿ ಫೋನು ಮಾತು ದೂರದೂರ ಹೋದೀತು ಅಂತ 1966ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಚಾರ್ಲ್ಸ್ ಕಾವೋ. 2009ರ ನೊಬೆಲ್ ಕಾವೋ ಅವರಿಗೆ ಬಂತು, ಕಪಾನಿಯವರಿಗೆ ಬರಲಿಲ್ಲ. ನೊಬೆಲ್ ಸಮಿತಿಯ ಮೇಲೆ ನನಗೆ ಆವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ಇಷ್ಟರಲ್ಲಿ ಯಜಮಾನರು ಕೆರೆ ಸುತ್ತಿ ಬಂದರು. ಬೆಳಕು ಅಂದದ್ದು ಕಿವಿಗೆ ಬಿದ್ದದ್ದೇ ತಡ, ಬಿಚ್ಚಿಟ್ಟಿದ್ದ ವೈರಿನ ತುದಿಯನ್ನು ಕಣ್ಣಿಗೆ ಹತ್ತಿರ ಹಿಡಿದು 'ಎಲ್ಲಯ್ಯಾ, ಕತ್ತಲೆ ಕಾಣ್ತಿದೆ' ಅಂದರು. ಹುಡುಗ ಹಾರಿಬಂದು ಕಿತ್ತುಕೊಂಡ. "ಸಾರ್, ಕಣ್ಣಿಟ್ಟು ನೋಡಬಾರದು! ಇದು ಕಾಣೋ ಬೆಳಕಲ್ಲ, ಲೇಸರ್ರು." ನಮ್ಮ ಮನೆಗೆ ಬರುವ ಬೆಳಕಿನ ಅಲೆ 1490 ನ್ಯಾನೋಮೀಟರ್, ನಮ್ಮ ಮನೆಯಿಂದ ಹೋಗುವುದು 1310. ಎರಡೂ ಒಂದೇ ಎಳೆಯಲ್ಲಿ ಎದುರುಬದುರು ಓಡುತ್ತವೆ, ಎಲ್ಲೂ ಡಿಕ್ಕಿಯಿಲ್ಲ. ನಮ್ಮ ಕಣ್ಣಿನ ಓಟ ಹೆಚ್ಚೂಕಡಿಮೆ 700ರ ಕೆಂಪಿಗೇ ಮುಗಿಯುತ್ತದೆ.

ಹುಡುಗ ಒಂದು ಮೀಟರು ತೆಗೆದು ಚುಚ್ಚಿದ. ಜ್ವರ ನೋಡುವ ಹಾಗೆ. 'ಮೈನಸ್ 31' ಅಂದ. ಮೈನಸ್ಸು ಅಂದಕೂಡಲೇ ಯಜಮಾನರು ಓವರ್‌ಡ್ರಾಫ್ಟ್ ಕಂಡವರಂತೆ ಬೆಚ್ಚಿದರು. ನಿವೃತ್ತ ಬ್ಯಾಂಕ್ ಮ್ಯಾನೇಜರು, ಪಾಪ. ನನಗೆ ಮಾತ್ರ ಖುಷಿಯಾಯಿತು, ಯಾಕೆಂದರೆ ಇದು ಲಾಗರಿದಮ್. ಸೊನ್ನೆ ಅಂದರೆ ಒಂದು ಮಿಲಿವ್ಯಾಟ್. ಮೈನಸ್ 20 ಅಂದರೆ ಅದರ ನೂರನೇ ಒಂದು ಪಾಲು, ಮೈನಸ್ 30 ಅಂದರೆ ಸಾವಿರನೇ ಒಂದು ಪಾಲು. ಮೂರು ಅಂಕ ಇಳಿದರೆ ಬೆಳಕು ಅರ್ಧ. ಮೈನಸ್ 20ರ ಆಸುಪಾಸಿದ್ದರೆ ಆರೋಗ್ಯ, 27 ದಾಟಿದರೆ ಡಬ್ಬಿ ಕೈಚೆಲ್ಲುತ್ತದೆ. ಮೂವತ್ತು ವರ್ಷ 'ಮಿಸ್, ಇದರಿಂದ ಜೀವನದಲ್ಲಿ ಏನು ಉಪಯೋಗ?' ಅಂತ ಕೇಳಿದ ಮಕ್ಕಳನ್ನೆಲ್ಲ ಆ ಕ್ಷಣ ಹಾಲಿನಲ್ಲಿ ಸಾಲಾಗಿ ನಿಲ್ಲಿಸಬೇಕು ಅನ್ನಿಸಿತು.

ಆಮೇಲೆ ಹುಡುಗ ವೈರಿನ ಜಾಡು ಹಿಡಿದು ಶೋಕೇಸಿನ ಹಿಂದಕ್ಕೆ ಬಗ್ಗಿದ. ಅಲ್ಲಿ ಒಂದು ಮೊಳೆ. ಮೊಳೆಗೆ ಹಳದಿ ಎಳೆಯನ್ನು ಬಿಗಿಯಾಗಿ ನಾಲ್ಕು ಸುತ್ತು ಸುತ್ತಿ, ಮೇಲೊಂದು ಹೂವಿನ ದಾರದಿಂದ ಗಂಟು. ಗಾಜಿನೆಳೆಯನ್ನು ಅಷ್ಟು ಮಡಿಚಿದರೆ ಬೆಳಕು ಓರೆ ತಪ್ಪಿ ತಿರುವಿನಲ್ಲಿ ಹೊರಕ್ಕೆ ಸೋರಿಹೋಗುತ್ತದೆ. ತುಂಡಾಗಬೇಕೆಂದೇ ಇಲ್ಲ.

"ಯಾರು ಸಾರ್ ಇದನ್ನು ಕಟ್ಟಿದ್ದು?"

ಯಜಮಾನರು ಪೇಪರು ಬಿಡಿಸಿಕೊಂಡರು. ಪೇಪರಿನ ಹಿಂದಿನಿಂದ ಮಾತು ಬಂತು, "ಜೋತಾಡ್ತಿತ್ತು. ಅಚ್ಚುಕಟ್ಟಾಗಿ ಇರಲಿ ಅಂತ."

ಗಂಟು ಬಿಚ್ಚಿದ ಮೇಲೆ ಮೈನಸ್ 21. ದೀಪ ಹಸಿರು.

ಆವತ್ತೇ ಇನ್ನೊಂದು ಗುಟ್ಟೂ ತಿಳಿಯಿತು. ಬೀದಿಯ ಕೊನೆಯ ಕಂಬದ ಮೇಲೆ ಒಂದು ಪೆಟ್ಟಿಗೆಯಿದೆಯಲ್ಲ, ಅದರೊಳಗೆ ಸ್ಪ್ಲಿಟ್ಟರ್. ಎಕ್ಸ್‌ಚೇಂಜಿನಿಂದ ಬಂದ ಒಂದು ಎಳೆಯ ಬೆಳಕನ್ನು ಅದು ಮೂವತ್ತೆರಡು ಮನೆಗೆ ಹಂಚುತ್ತದೆ, ಕೆಲವು ಕಡೆ ಅರವತ್ತನಾಲ್ಕಕ್ಕೆ. ಕರೆಂಟೂ ಬೇಡ ಅದಕ್ಕೆ, ಬರೀ ಗಾಜು. ಅಂದರೆ ನಮ್ಮದು ಅಂತ ನಾವು ಬೀಗುವ 'ಸ್ವಂತ ಕನೆಕ್ಷನ್' ಇಡೀ ಬೀದಿಯ ಪಂಕ್ತಿಯೂಟ. ಕೆಳಕ್ಕೆ ಬರುವ ಬೆಳಕಿನಲ್ಲಿ ಮೂವತ್ತೆರಡು ಮನೆಯ ಸರಕೂ ಒಟ್ಟಿಗೇ ಇರುತ್ತದೆ. ಕಲ್ಯಾಣಮಂಟಪದ ಮೈಕಿನಲ್ಲಿ 'ಗೇಟಿಗೆ ಅಡ್ಡ ನಿಲ್ಲಿಸಿರುವ ಕೆಂಪು ಕಾರಿನವರು ದಯವಿಟ್ಟು...' ಅಂತ ಕೂಗುತ್ತಾರಲ್ಲ, ಕೇಳುವುದು ಎಲ್ಲರಿಗೂ, ಏಳುವುದು ಕೆಂಪು ಕಾರಿನವರು ಮಾತ್ರ. ಹಾಗೆ ಪ್ರತಿ ಡಬ್ಬಿಯೂ ತನ್ನ ಹೆಸರಿನದನ್ನಷ್ಟೇ ಎತ್ತಿಕೊಳ್ಳುತ್ತದೆ. ಬೇರೆಯವರದು ಗೂಢಲಿಪಿಯಲ್ಲಿರುವುದರಿಂದ ಓದಲಾಗದು. ಮೇಲಕ್ಕೆ ಕಳಿಸುವಾಗ ಹಾಗಲ್ಲ, ರೇಷನ್ ಅಂಗಡಿಯ ಕ್ಯೂ. ಎಕ್ಸ್‌ಚೇಂಜಿನ ಯಂತ್ರ ಒಂದೊಂದು ಮನೆಗೂ ಸರದಿ ಕೊಡುತ್ತದೆ, ಸರದಿ ಬಂದಾಗ ಮಾತ್ರ ಬಾಯಿ ಬಿಡಬೇಕು.

ಜಿಪಾನ್ ಅನ್ನುವ ಈ ಪದ್ಧತಿಯಲ್ಲಿ ಒಂದು ಎಳೆಗೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಕೆಳಮುಖ. ಮೂವತ್ತೆರಡು ಮನೆಯವರೂ ಒಂದೇ ಕ್ಷಣದಲ್ಲಿ ಬಾಯಿ ಹಾಕಿದರೆ ಪಾಲಿಗೆ ಬರುವುದು 78 ಮೆಗಾಬಿಟ್ಟು. ಆದರೆ ನಮಗೆ ಮಾರಿರುವುದು ಇನ್ನೂರರ ಪ್ಲಾನು. ಮೋಸವೇ? ಛೆ, ಚೀಟಿಯಲ್ಲಿ ಸ್ಪಷ್ಟವಾಗಿ 'ಅಪ್ ಟು' ಅಂತ ಬರೆದಿರುತ್ತದೆ. ನನ್ನ ಅತ್ತೆ ಹೇಳುತ್ತಿದ್ದರು, ನಿಮ್ಮ ಮಾವನವರಿಗೆ ಸಂಬಳ 'ಸಾವಿರದವರೆಗೂ' ಬರುತ್ತೆ ಅಂತ ಹೇಳಿ ಮದುವೆ ಮಾಡಿದರು ಅಂತ. ಅದೇ 'ವರೆಗೂ'. ನಿಜ ಹೇಳಬೇಕೆಂದರೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುವುದು ಅಪರೂಪ, ಐಪಿಎಲ್ ಇರುವ ಸಂಜೆ ಬಿಟ್ಟರೆ.

ಇನ್ನು ಬಿಟ್ಟು, ಬೈಟು. ಮಗಳ ಮದುವೆಯ ವಿಡಿಯೋ, ಒಂದು ಜಿಬಿ, ಇಳಿಸಿಕೊಳ್ಳುವಾಗ ಯಜಮಾನರು ಪರದೆ ನೋಡಿ ಕಿಡಿಕಾರಿದರು. "ನೂರು ಅಂತ ದುಡ್ಡು ತಗೊಂಡು ಹನ್ನೆರಡೂವರೆ ಕೊಡ್ತಿದಾನೆ!" (ಆಗ ನಮ್ಮದು ನೂರರ ಪ್ಲಾನು.) ನೋಡಿ, ಮೈಸೂರಿನವರಿಗೆ ಬೈಟು ಅಂದರೆ ಒಂದು ಕಾಫಿ, ಎರಡು ಲೋಟ. ಕಂಪ್ಯೂಟರಿನವರ ಬೈಟು ಒಂದು ಕಾಫಿ, ಎಂಟು ಲೋಟ. ಎಂಟು ಬಿಟ್ಟಿಗೆ ಒಂದು ಬೈಟು. ಕಂಪನಿಯವರು ವೇಗ ಮಾರುವುದು ಬಿಟ್ಟಿನಲ್ಲಿ, ಕಂಪ್ಯೂಟರು ಫೈಲು ಅಳೆಯುವುದು ಬೈಟಿನಲ್ಲಿ. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಒಂದು ಜಿಬಿಗೆ ಎಂಬತ್ತು ಸೆಕೆಂಡು. ಅವನು ಕೊಟ್ಟದ್ದು ಪೂರ್ತಿ ನೂರೇ. ಬ್ಯಾಂಕಿನಲ್ಲಿ ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಹತ್ತರವರೆಗೆ ಕೂತು ಟ್ಯಾಲಿ ಮಾಡುತ್ತಿದ್ದ ಮನುಷ್ಯ ಈ ಎಂಟರ ಭಾಗಾಕಾರ ಒಪ್ಪಲು ಎರಡು ದಿನ ತೆಗೆದುಕೊಂಡರು.

ಹಿಂದಿನದು ನೆನೆದರೆ ಇದೆಲ್ಲ ಕೊಬ್ಬಿನ ಜಗಳ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಿಟ್ಟಿತು. ನಮ್ಮ ಮನೆಗೆ ಅದು ಬಂದದ್ದು ಐದು ವರ್ಷ ತಡವಾಗಿ, ಲ್ಯಾಂಡ್‌ಲೈನಿನ ಕುತ್ತಿಗೆ ಹಿಡಿದುಕೊಂಡು. ಮೋಡೆಮ್ಮು ಕೀಂ ಕ್ರರ್ ಅಂತ ಅರಚುವಾಗ ಅತ್ತೆ 'ಯಾವ ಪ್ರಾಣಿಗೇನಾಯ್ತೋ' ಅಂತ ಹಿತ್ತಿಲಿಗೆ ಹೋಗಿ ನೋಡಿ ಬರುತ್ತಿದ್ದರು. ಎರಡು ಮೋಡೆಮ್ಮುಗಳು ಎಷ್ಟು ವೇಗದಲ್ಲಿ ಮಾತಾಡೋಣ ಅಂತ ಚೌಕಾಸಿ ಮಾಡುವ ಸದ್ದು ಅದು. ಭಾರಿ ಅಂದರೆ 56 ಕಿಲೋಬಿಟ್ಟು. ಮೂರು ಎಂಬಿಯ ಒಂದು ಫೋಟೋಗೆ ಏಳು ನಿಮಿಷ, ಅಷ್ಟರಲ್ಲಿ ಯಾರಾದರೂ ಫೋನೆತ್ತಿದರೆ ಮೊದಲಿಂದ. 2005ರಲ್ಲಿ ಬಿಎಸ್‌ಎನ್‌ಎಲ್ 256 ಕಿಲೋಬಿಟ್ಟಿನ ಬ್ರಾಡ್‌ಬ್ಯಾಂಡ್ ತಂದಾಗ ಸ್ವರ್ಗವೇ ಇಳಿದುಬಂತು ಅಂದುಕೊಂಡೆವು. ಈಗ ಸರ್ಕಾರ 2 ಮೆಗಾಬಿಟ್ಟಿಗಿಂತ ಕಡಿಮೆಯದನ್ನು ಬ್ರಾಡ್‌ಬ್ಯಾಂಡ್ ಅನ್ನಬಾರದು ಅಂತ 2023ರಲ್ಲಿ ಗೆರೆ ಎಳೆದಿದೆ. ಅದೇ ಫೋಟೋಗೆ ಈಗ ಕಾಲು ಸೆಕೆಂಡೂ ಬೇಡ. ಆದರೂ 'ನೆಟ್ ಇಲ್ಲ'.

ನಮ್ಮ ಮನೆಯ ಅಸಲು ಕಾಯಿಲೆ ಇರುವುದು ಬೀದಿಯಲ್ಲಲ್ಲ, ಗೋಡೆಯಲ್ಲಿ. ವೈಫೈ ಅಂದರೆ ನೆಟ್ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಬರೀ ನಲ್ಲಿ. ನೀರು ಬರುವುದು ಬೀದಿಯಿಂದ. ಫೋನಿನಲ್ಲಿ ಬೀಸಣಿಗೆ ಗುರುತು ತುಂಬಿಕೊಂಡಿದ್ದರೂ ಏನೂ ತೆರೆಯದಿದ್ದರೆ ನಲ್ಲಿಯಿದೆ, ನೀರಿಲ್ಲ ಅಂತ ಅರ್ಥ. ಗುರುತೇ ಸೊರಗಿದ್ದರೆ ನೀರಿದೆ, ನಲ್ಲಿ ದೂರವಿದೆ ಅಂತ. ಅಂದಹಾಗೆ ವೈಫೈ ಅನ್ನುವ ಹೆಸರಿಗೆ ಅರ್ಥವೇ ಇಲ್ಲ. 1999ರಲ್ಲಿ ಇಂಟರ್‌ಬ್ರಾಂಡ್ ಅನ್ನುವ ಕಂಪನಿಗೆ ದುಡ್ಡು ಕೊಟ್ಟು ಇಡಿಸಿದ ಹೆಸರು ಅದು. ನಮ್ಮಲ್ಲಿ ಪುರೋಹಿತರು ಜಾತಕ ನೋಡಿ ಇನ್ನೂ ಕಡಿಮೆಗೆ ಇಟ್ಟುಕೊಡುತ್ತಿದ್ದರು.

ನಮ್ಮದು ಹಳೇ ಕಾಲದ ಮನೆ. ಗೋಡೆ ಒಂದೂವರೆ ಅಡಿ ದಪ್ಪ. ನಮ್ಮ ಮಾವ 'ಬಾಂಬು ಬಿದ್ದರೂ ಜಗ್ಗಲ್ಲ' ಅಂತ ಹೊಗಳುತ್ತಿದ್ದ ಗೋಡೆ ವೈಫೈಗೂ ಜಗ್ಗುವುದಿಲ್ಲ. ರೂಟರು ಹಾಲಿನ ಮೂಲೆಯಲ್ಲಿ ಟಿವಿಯ ಬೆನ್ನ ಹಿಂದೆ, ಗಾಜಿನ ಶೋಕೇಸಿನೊಳಗೆ, ಮೇಲೊಂದು ಕ್ರೋಷಾ ಹೊದಿಕೆ. ಯಜಮಾನರು ಲ್ಯಾಪ್‌ಟಾಪ್ ಹಿಡಿದು ಕೂರುವುದು ಹಿಂದಿನ ರೂಮಿನಲ್ಲಿ. ನಡುವೆ ದೇವರಮನೆ, ಅದರಾಚೆ ಕಬ್ಬಿಣದ ಬೀರು, ಬೀರುವಿಗೆ ಆಳುದ್ದದ ಕನ್ನಡಿ. ಲೋಹ ಕಂಡರೆ ಅಲೆ ವಾಪಸು ಪುಟಿಯುತ್ತದೆ, ಕನ್ನಡಿಯ ಬೆನ್ನಿಗಿರುವ ಲೇಪವೂ ಲೋಹವೇ. ಪಾಪ, ಸಿಗ್ನಲ್ಲು ದೇವರಿಗೆ ಕೈಮುಗಿದು, ಬೀರುವಿಗೆ ಹಣೆ ಚಚ್ಚಿಕೊಂಡು, ಕನ್ನಡಿಯಲ್ಲಿ ಮುಖ ನೋಡಿಕೊಂಡು ಹಾಲಿಗೇ ಹಿಂದಿರುಗುತ್ತಿತ್ತು.

ಈ ರೂಟರು ಎರಡು ಬಗೆಯ ಅಲೆ ಬಿಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5. ಮೊದಲನೆಯದು ಹಳ್ಳಿ ಬಸ್ಸು: ನಿಧಾನ, ಆದರೆ ಗೋಡೆ ಗೀಡೆ ಲೆಕ್ಕಿಸದೆ ದೂರ ಹೋಗುತ್ತದೆ. ಎರಡನೆಯದು ಶತಾಬ್ದಿ ರೈಲು: ವೇಗವೇನೋ ಇದೆ, ಕಂಡಕಂಡ ಕಡೆ ಹೋಗುವುದಿಲ್ಲ, ನಮ್ಮ ದೇವರಮನೆ ಗೋಡೆ ಕಂಡರೆ ಅಲ್ಲೇ ಕೊನೆ. ಹಳ್ಳಿ ಬಸ್ಸಿನ ದಾರಿಯಲ್ಲೂ ಒಂದು ತೊಡಕು. ಅಡುಗೆಮನೆಯ ಮೈಕ್ರೋವೇವ್ ಓವನ್ ನೀರನ್ನು ಬಿಸಿ ಮಾಡುವುದೂ 2.45 ಗಿಗಾಹರ್ಟ್ಸಿನಲ್ಲೇ. ಅದರ ಬಾಗಿಲ ಸಂದಿಯಿಂದ ಒಂದಿಷ್ಟು ಸೋರಿದರೂ ಸಾಕು. ನಾನು ಹಾಲು ಬಿಸಿಗಿಟ್ಟಾಗೆಲ್ಲ ಯಜಮಾನರ ಯೂಟ್ಯೂಬ್ ಪ್ರವಚನ ನಿಂತುಹೋಗುತ್ತಿತ್ತು. ಇದನ್ನು ನಾನು ಕಂಡುಹಿಡಿದು ಆರು ತಿಂಗಳಾದ ಮೇಲೆ ಅವರಿಗೆ ಹೇಳಿದೆ. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಬೇಡಿ.

ಇನ್ನೊಂದು, ಅಕ್ಕಪಕ್ಕದವರ ಗದ್ದಲ. ನಮ್ಮ ಹಾಲಿನಲ್ಲಿ ಕೂತು ಫೋನಿನಲ್ಲಿ ನೋಡಿದರೆ ಹದಿನೇಳು ವೈಫೈ ಹೆಸರು ಕಾಣುತ್ತವೆ, ಒಂದು ಮಾರುತಿ, ಎರಡು ಅಪ್ಪು, ಒಂದು 'ನಿಮ್ಮದಲ್ಲ'. 2.4ರಲ್ಲಿ ಹದಿಮೂರು ಚಾನೆಲ್ಲಿದ್ದರೂ ಒಂದರ ಮೇಲೊಂದು ಬೀಳದ ಹಾಗೆ ಸಿಗುವುದು ಮೂರೇ: 1, 6, 11. ಹದಿನೇಳು ಸಂಸಾರಕ್ಕೆ ಮೂರು ಜಗುಲಿ. ಆದರೆ ಅವುಗಳ ಮರ್ಯಾದೆ ನೋಡಿ ಕಲಿಯಬೇಕು. ಪ್ರತಿ ರೂಟರೂ ಮಾತಾಡುವ ಮೊದಲು ಕಿವಿಗೊಡುತ್ತದೆ. ಇನ್ನೊಬ್ಬರು ಮಾತಾಡುತ್ತಿದ್ದರೆ ಸುಮ್ಮನಿರುತ್ತದೆ. ಅವರದು ಮುಗಿದ ತಕ್ಷಣವೂ ಮೇಲೆ ಬೀಳದೆ, ಮನಸ್ಸಿಗೆ ತೋಚಿದಷ್ಟು ಹೊತ್ತು ಕಾದು, ಆಮೇಲೆ ಬಾಯಿ ತೆರೆಯುತ್ತದೆ. ನಮ್ಮ ಯಜಮಾನರ ಕಡೆಯ ನೆಂಟರು ಗೃಹಪ್ರವೇಶಕ್ಕೆ ಸೇರಿದಾಗ ಈ ಪದ್ಧತಿ ಇದ್ದಿದ್ದರೆ ನನ್ನ ಅರ್ಧ ತಲೆನೋವು ಹೋಗುತ್ತಿತ್ತು.

ರೂಟರನ್ನು ಶೋಕೇಸಿನಿಂದ ಎಬ್ಬಿಸಿ, ಹೊದಿಕೆ ತೆಗೆದು, ಹಾಲಿನ ನಡುಗೋಡೆಯ ಮೇಲೆ ತಲೆಯೆತ್ತರಕ್ಕೆ ಹಾಕಿಸಿದೆ. ಅರ್ಧ ಕಾಯಿಲೆ ವಾಸಿ. ಹಿಂದಿನ ರೂಮಿಗೆ ಮಾತ್ರ ಲ್ಯಾನ್ ಕೇಬಲ್ಲು ಎಳೆದದ್ದು. ಅಲ್ಲೂ ಒಂದು ಪ್ರಸಂಗ. ಇನ್ನೂರರ ಪ್ಲಾನಿಗೆ ಏರಿದ ಮೇಲೂ ಆ ಕೇಬಲ್ಲಿನಲ್ಲಿ 94ರ ಮೇಲೆ ಏಳಲೊಲ್ಲದು. ಗಣಿತದವಳಿಗೆ ನೂರಕ್ಕೆ ಅಷ್ಟು ಹತ್ತಿರದ ಅಂಕಿ ಕಂಡರೆ ಸಂಶಯ ಬರಲೇಬೇಕು. ಹುಡುಗ ಬಂದು ನೋಡಿದ. ಕೇಬಲ್ಲಿನೊಳಗೆ ಎಂಟು ತಂತಿ, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. ಗಿಗಾಬಿಟ್ ನಡಿಗೆಗೆ ಎಂಟೂ ಬೇಕು. ಒಂದು ಕೆಟ್ಟರೆ ಎರಡು ತುದಿಯ ಯಂತ್ರಗಳು 'ಇರೋದರಲ್ಲಿ ಸುಧಾರಿಸೋಣ' ಅಂತ ರಾಜಿಯಾಗಿ ನಾಲ್ಕೇ ತಂತಿಯಲ್ಲಿ ನೂರರ ನಡಿಗೆಗೆ ಇಳಿಯುತ್ತವೆ. ದೇವರಮನೆ ಬಾಗಿಲು ದಿನಾ ಎರಡು ಹೊತ್ತು ಅದರ ಮೇಲೆ ಉರುಳಿ ಒಂದು ತಂತಿ ಸತ್ತಿತ್ತು. ನಿತ್ಯಪೂಜೆಯಿಂದ ವೇಗ ಅರ್ಧವಾದ ಮನೆ ನಮ್ಮದೊಂದೇ ಇರಬೇಕು.

ವಿಳಾಸದ ಕತೆ ಹೇಳದಿದ್ದರೆ ಪಾಠ ಪೂರ್ತಿಯಾಗುವುದಿಲ್ಲ. ವಠಾರದಲ್ಲಿ ಬದುಕಿದವರಿಗೆ ಇದು ನೀರು ಕುಡಿದಷ್ಟು ಸಲೀಸು. ಬೀದಿಗೆ ಡೋರ್ ನಂಬರು ಒಂದೇ. ಒಳಗೆ ಎಂಟು ಮನೆ. ಪೋಸ್ಟಿನವನು ಕಾಗದಗಳನ್ನೆಲ್ಲ ಮುಂದಿನ ಮನೆಯ ಮಾಲೀಕರ ಕೈಗೆ ಕೊಟ್ಟು ಹೋಗುತ್ತಾನೆ. ಯಾವುದು ಯಾರದು ಅಂತ ಅವರಿಗೆ ಗೊತ್ತು. ನಮ್ಮ ರೂಟರು ಆ ಮಾಲೀಕ. ಫೋನು, ಟಿವಿ, ಲ್ಯಾಪ್‌ಟಾಪು, ಎಲ್ಲಕ್ಕೂ ಒಳಗೆ 192.168 ಅಂತ ಶುರುವಾಗುವ ಮನೆ ನಂಬರು. ಇಂಥ ನಂಬರು ನಿಮ್ಮ ಮನೆಯಲ್ಲೂ ಇದೆ, ಎದುರು ಮನೆಯಲ್ಲೂ ಇದೆ, 'ಒಂದನೇ ಮನೆ' ಪ್ರತಿ ವಠಾರದಲ್ಲೂ ಇರುವ ಹಾಗೆ. ಹೊರಗಿನ ಲೋಕಕ್ಕೆ ಕಾಣುವುದು ಬೀದಿಯ ನಂಬರು ಒಂದೇ. ಇಷ್ಟೆಲ್ಲ ಇಕ್ಕಟ್ಟು ಯಾಕೆಂದರೆ ಹಳೇ ಪದ್ಧತಿಯ ವಿಳಾಸಗಳು ಇರುವುದೇ 4,29,49,67,296. ಮಾಡಿದವರು ಇದು ಧಾರಾಳ ಅಂದುಕೊಂಡಿದ್ದರು. ಲೋಕದ ಉಗ್ರಾಣದಲ್ಲಿದ್ದ ಕೊನೆಯ ಕಂತೆಗಳನ್ನೂ 2011ರ ಫೆಬ್ರವರಿಯಲ್ಲಿ ಹಂಚಿ ಮುಗಿಸಿದರು. ಈಗ ಎಷ್ಟೋ ಕಂಪನಿಗಳು ನೂರಾರು ಮನೆಗೆ ಸೇರಿಸಿ ಒಂದೇ ಬೀದಿ ನಂಬರು ಕೊಡುತ್ತವೆ, ಅಂದರೆ ವಠಾರದೊಳಗೊಂದು ವಠಾರ. ಹೊಸ ಪದ್ಧತಿ ಐಪಿವಿ6 ಬಂದಿದೆ, ಅದರಲ್ಲಿ ವಿಳಾಸಗಳ ಲೆಕ್ಕ 39 ಅಂಕಿಯ ಸಂಖ್ಯೆ, ಇನ್ನು ಮನೆಯ ಒಂದೊಂದು ಚಮಚಕ್ಕೂ ಕೊಡಬಹುದು.

ಒಳಗಿನ ನಂಬರು ಹಂಚುವುದೂ ರೂಟರೇ, ಛತ್ರದ ಮ್ಯಾನೇಜರು ರೂಮಿನ ಬೀಗದಕೈ ಕೊಡುವ ಹಾಗೆ. ಇಷ್ಟು ಗಂಟೆಗೆ ಅಂತ ಕೊಡುತ್ತದೆ, ವಾಯಿದೆ ಮುಗಿಯುವಷ್ಟರಲ್ಲಿ ನವೀಕರಿಸಿಕೊಳ್ಳಬೇಕು. ಆಫ್ ಮಾಡಿ ಆನ್ ಮಾಡಿದರೆ ಗುಣವಾಗುವುದರ ಒಂದು ಗುಟ್ಟು ಇಲ್ಲಿದೆ: ಗೋಜಲಾದ ರಿಜಿಸ್ಟರು ಹರಿದುಹಾಕಿ ಹೊಸದಾಗಿ ಬರೆದಂತೆ. ಒಂದು ದಿನ ಹುಡುಗ ಆ ರಿಜಿಸ್ಟರನ್ನು ಪರದೆಯ ಮೇಲೆ ತೆರೆದು ತೋರಿಸಿದ. ಮನೆಯಲ್ಲಿ ಇರುವವರು ಇಬ್ಬರು, ಯಂತ್ರಗಳು ಐದು. ಛತ್ರದಲ್ಲಿ ಹದಿನಾಲ್ಕು ರೂಮು ಭರ್ತಿ!

"ಪಾಸ್‌ವರ್ಡ್ ಏನಿಟ್ಟಿದ್ದೀರಾ ಸಾರ್?"

"ಮನೆದೇವರ ಹೆಸರು. ಮುಂದೆ ಒಂದು ಎರಡು ಮೂರು."

ನಮ್ಮ ಮನೆದೇವರು ಯಾರೆಂದು ಬೀದಿಗೆಲ್ಲ ಗೊತ್ತು. ವರ್ಷಕ್ಕೊಮ್ಮೆ ಪ್ರಸಾದ ಹಂಚುವವಳು ನಾನೇ ಅಲ್ಲವೇ? ಆವತ್ತೇ ಬದಲಾಯಿಸಿದೆವು. ರೂಟರಿನ ಒಳಮನೆಗೂ ಬೇರೆ ಪಾಸ್‌ವರ್ಡಿರುತ್ತದಂತೆ. ಡಬ್ಬಿ ಕೊಂಡಾಗ ಇದ್ದ 'ಅಡ್ಮಿನ್, ಅಡ್ಮಿನ್' ಹಾಗೇ ಉಳಿದಿತ್ತು. ಅದನ್ನೂ ಬದಲಿಸಿ, ಬಂದುಹೋಗುವ ನೆಂಟರಿಗೆ ಅಂತ ಬೇರೊಂದು ವೈಫೈ ತೆರೆದೆವು. ನೆಂಟರು ಜಗುಲಿಯಲ್ಲಿ ಕೂರಲಿ, ಅಡುಗೆಮನೆವರೆಗೂ ಯಾಕೆ?

ಒಂದು ದಿನ ವಿಚಿತ್ರ. ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಗುಲಾಬಿಗಳು ಬರುತ್ತಲೇ ಇವೆ, ಪೇಪರಿನ ವೆಬ್‌ಸೈಟು ಮಾತ್ರ ತೆರೆಯುವುದಿಲ್ಲ. ಅದು ವಿಳಾಸ ಹೇಳುವ ಅಂಗಡಿಯವನು ಬಾಗಿಲು ಹಾಕಿದ್ದು. ಯಂತ್ರಗಳಿಗೆ ಹೆಸರು ಅರ್ಥವಾಗುವುದಿಲ್ಲ, ನಂಬರು ಬೇಕು. ನಾವು ಹೆಸರು ಹೇಳುತ್ತೇವೆ. ಮೂಲೆಯಂಗಡಿಯಲ್ಲಿ 'ಹೂವಿನ ಸೀತಮ್ಮನ ಮನೆ ಎಲ್ಲಿ?' ಅಂತ ಕೇಳಿದರೆ ಅವನು ಕೈತೋರುವಂತೆ ಡಿಎನ್‌ಎಸ್ ನಂಬರು ಹೇಳುತ್ತದೆ. ಆಗಲೇ ಸೀತಮ್ಮನ ಮನೆಯೊಳಗೆ ಕೂತು ಹರಟುತ್ತಿರುವವರಿಗೆ ಅಂಗಡಿ ಮುಚ್ಚಿದರೇನು? ವಾಟ್ಸಾಪ್ ನಡೆದದ್ದು ಅದಕ್ಕೇ. ಹೊಸದಾಗಿ ಹೊರಟವರು ಮಾತ್ರ ನಡುಬೀದಿಯಲ್ಲಿ. ಈ ಏರ್ಪಾಟು ಪಾಲ್ ಮೊಕಾಪೆಟ್ರಿಸ್ ಅನ್ನುವವರು 1983ರಲ್ಲಿ ಮಾಡಿದ್ದು. ಅದಕ್ಕೆ ಮೊದಲು ಕ್ಯಾಲಿಫೋರ್ನಿಯಾದ ಒಂದು ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅನ್ನುವ ಹೆಣ್ಣುಮಗಳ ತಂಡ ಇಡೀ ಜಾಲದ ಹೆಸರುಗಳನ್ನು ಒಂದೇ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಮದುವೆಮನೆಯ ಮುಯ್ಯಿ ಪುಸ್ತಕದ ಹಾಗೆ, ಎಲ್ಲ ಒಂದು ಕಡೆ. ಹುಡುಗ ನಮಗೆ 8.8.8.8 ಅಂತ ಬೇರೊಂದು ಅಂಗಡಿ ತೋರಿಸಿ ಹೋದ. ನಂಬರು ಎಷ್ಟು ಚೆನ್ನಾಗಿದೆ ಅಂದರೆ ಯಜಮಾನರೂ ಮರೆತಿಲ್ಲ.

ಭಾನುವಾರದ ವಿಡಿಯೋ ಕಾಲ್ ಮಾತ್ರ ಬಹಳ ದಿನ ಕೈಗೆ ಹತ್ತಲಿಲ್ಲ. ಸ್ಪೀಡ್ ಟೆಸ್ಟು ನೂರ ತೊಂಬತ್ತು ತೋರಿಸುತ್ತದೆ, ಮಗಳ ಮುಖ ಮಾತ್ರ ರಂಗೋಲಿ ಚುಕ್ಕಿಯ ಹಾಗೆ ಚೌಕ ಚೌಕ. ಟೆಸ್ಟು ಮಾಡುವ ಯಂತ್ರ ಇರುವುದು ಸಾಮಾನ್ಯವಾಗಿ ಹತ್ತಿರದ ಬೆಂಗಳೂರಲ್ಲೋ ಚೆನ್ನೈಯಲ್ಲೋ. ಮಗಳಿರುವುದು ಡಬ್ಲಿನ್ನಿನಲ್ಲಿ. ಗಾಜಿನೊಳಗೆ ಬೆಳಕಿನ ಓಟ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಸಮುದ್ರದಡಿಯ ಕೇಬಲ್ಲಿನಲ್ಲಿ ಸುತ್ತಿಬಳಸಿ ಹನ್ನೆರಡು ಸಾವಿರ ಕಿಲೋಮೀಟರು ಅಂದುಕೊಳ್ಳಿ. ಹೋಗಿಬರಲು ಸೆಕೆಂಡಿನ ಎಂಟನೇ ಒಂದು ಪಾಲು ಖರ್ಚಾಗಲೇಬೇಕು, ಯಾವ ಪ್ಲಾನಿಗೆ ದುಡ್ಡು ಸುರಿದರೂ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಕೇಬಲ್ಲು ತುಂಡಾದಾಗ ನಮ್ಮ ಬೀದಿಯ ಸೈಬರ್ ಕೆಫೆಯವನು ಗಿರಾಕಿಗಳ ಹತ್ತಿರ ಬೈಸಿಕೊಂಡದ್ದು ನನಗೆ ನೆನಪಿದೆ.

ಆದರೆ ಎಂಟನೇ ಒಂದು ಪಾಲಿನ ತಡದಿಂದ ಮುಖ ಚೌಕಳಿಯಾಗುವುದಿಲ್ಲ. ಕಳಿಸುವುದನ್ನೆಲ್ಲ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕಳಿಸುವುದು ಇಂಟರ್ನೆಟ್ಟಿನ ಪದ್ಧತಿ. ಒಂದು ಪೊಟ್ಟಣ ಹೆಚ್ಚೆಂದರೆ ಒಂದೂವರೆ ಸಾವಿರ ಬೈಟು. ಮೂರು ಎಂಬಿ ಫೋಟೋಗೆ ಎರಡು ಸಾವಿರ ಪೊಟ್ಟಣ. ನಾನು ಮಗಳಿಗೆ ಹುಳಿಪುಡಿ ಕಳಿಸುವುದೂ ಹಾಗೇ, ಡಬ್ಲಿನ್ನಿಗೆ ಹೋಗುವ ಯಾರು ಸಿಕ್ಕರೂ ಅವರ ಸೂಟ್‌ಕೇಸಿಗೊಂದು, ಮೇಲೆ 'ಐದರಲ್ಲಿ ಮೂರು' ಅಂತ ಬರೆದು. ಒಬ್ಬರು ದುಬೈ ಮೇಲೆ ಹೋಗುತ್ತಾರೆ, ಒಬ್ಬರು ಲಂಡನ್ ಮೇಲೆ. ಮೂರನೇದು ಬರಲಿಲ್ಲ ಅಂದರೆ ಮತ್ತೆ ಕುಟ್ಟಿ ಕಳಿಸುತ್ತೇನೆ. ಫೋಟೋ, ಕಾಗದಪತ್ರಕ್ಕೆ ಈ ಕ್ರಮ. ವಿಡಿಯೋ ಕಾಲ್ ಹಾಗಲ್ಲ, ಅದು ಬಿಸಿ ದೋಸೆ. ಒಂದು ಕಾವಲಿಗೆ ಅಂಟಿ ಹಾಳಾದರೆ ಅದನ್ನೇ ಕೆರೆಯುತ್ತ ಕೂರುವುದಿಲ್ಲ, ಮುಂದಿನದು ಹುಯ್ಯುವುದು. ತಡವಾಗಿ ಬಂದ ಪೊಟ್ಟಣ ಬಾರದೆಯೇ ಹೋದದ್ದಕ್ಕೆ ಸಮ. ಆ ಜಾಗ ಚೌಕಳಿ.

ತಡ ಆಗುತ್ತಿದ್ದದ್ದು ಎಲ್ಲಿ? ನಮ್ಮ ಮನೆಯಲ್ಲೇ. ಭಾನುವಾರ ಬಂದರೆ ಊಟಕ್ಕೆ ಬರುವ ನನ್ನ ಮೈದುನನ ಫೋನು, ವೈಫೈ ಕಂಡ ತಕ್ಷಣ ವಾರವಿಡೀ ತೆಗೆದ ಎಂಟುನೂರು ಫೋಟೋ ಬ್ಯಾಕಪ್ ಮಾಡಲು ಶುರು ಮಾಡುತ್ತದೆ. ಎಲ್ಲ ಮೇಲ್ಮುಖ. ನಮ್ಮ ಮುಖವೂ ಅದೇ ಕಿಂಡಿಯಿಂದ ಹೋಗಬೇಕು. ಇದನ್ನು ನಾನು ವಿವರಿಸಲು ಹೊರಟರೆ ಯಜಮಾನರು ಕೈಯೆತ್ತಿ ನಿಲ್ಲಿಸಿದರು. "ಗೊತ್ತಾಯ್ತು. ಪೆನ್ಷನ್ ದಿನ ಒಬ್ಬ ವ್ಯಾಪಾರಿ ಚಿಲ್ಲರೆ ಮೂಟೆ ತಂದು ಕೌಂಟರಿನ ಮೇಲೆ ಸುರಿದ ಹಾಗೆ." ಅಷ್ಟು ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ. ಅದಾದ ಮೇಲೆ ಮೈದುನ ಬಂದ ಕೂಡಲೇ ಅವರೇ ಬಾಗಿಲಲ್ಲಿ ನಿಂತು 'ಚಪ್ಪಲಿ ಬಿಡು, ವೈಫೈ ಬಿಡು' ಅನ್ನುತ್ತಾರೆ. ಕಾಲ್ ಈಗ ನೀಟಾಗಿ ಬರುತ್ತದೆ.

ಬರುತ್ತಿತ್ತು ಅನ್ನಬೇಕು. ಹೋದ ಭಾನುವಾರ ಕಾಲ್ ಬರಲೇ ಇಲ್ಲ. ನಮ್ಮ ಡಬ್ಬಿಯಲ್ಲಿ ದೀಪ ಹಸಿರು, ಮೈದುನ ಊರಲ್ಲಿಲ್ಲ, ಓವನ್ ಆಫ್. ಅರ್ಧ ಗಂಟೆ ಬಿಟ್ಟು ಮಗಳು ಮೊಬೈಲ್ ಡೇಟಾದಿಂದ ಮಾಡಿದಳು.

"ಅಮ್ಮಾ, ಇಲ್ಲಿ ನೆಟ್ ಇಲ್ಲ."

"ಏನಿಲ್ಲ? ವೈಫೈ ಇಲ್ಲವೋ, ನೆಟ್ ಇಲ್ಲವೋ?"

"ಅಂದ್ರೆ?"

"ಫೋನಲ್ಲಿ ಬೀಸಣಿಗೆ ತುಂಬಿದೆಯಾ?"

"ತುಂಬಿದೆ."

"ಹಂಗಾದ್ರೆ ನಲ್ಲಿ ಸರಿ ಇದೆ. ಗೋಡೆ ಹತ್ರ ಇರೋ ಡಬ್ಬಿ ನೋಡು. ದೀಪ ಯಾವ ಬಣ್ಣ?"

ಅವಳು ಎದ್ದು ಹೋದ ಸದ್ದು, ಏನೋ ಸರಿಸಿದ ಸದ್ದು. "ಕೆಂಪು."

"ಹಿಂದೆ ಒಂದು ತೆಳು ವೈರ್ ಇರುತ್ತಲ್ಲ, ಅದರ ಜಾಡು ಹಿಡಿದು ಹೋಗು. ಎಲ್ಲಾದ್ರೂ ಮಡಿಚಿದೆಯಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ನಿನ್ನೆ ಮನೆ ಕ್ಲೀನ್ ಮಾಡ್ದೆ ಅಮ್ಮಾ. ನೇತಾಡ್ತಿತ್ತು. ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಮೊಳೆಗೆ ಸಿಕ್ಕಿಸಿದೀನಿ."

ಫೋನು ಸ್ಪೀಕರಿನಲ್ಲಿತ್ತು. ಪೇಪರಿನ ಹಿಂದೆ ಯಜಮಾನರ ದನಿ ತುಂಬಿ ಬಂತು.

"ಅಚ್ಚುಕಟ್ಟಾಗಿ ಕಟ್ಟಿದೀಯಾ ತಾನೇ ಮಗಳೇ?"